ಹಿಂದಿನ ಸ್ಪೀಕರಿನ ಶಬ್ದ

ಪಂಜದ ಪೇಟೆಯಲ್ಲಿ ಬಟ್ಟೆ ಹೊಲಿಯುವ ದಮಯಂತಿಗೆ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಮಂಗನಬಾವು ಅದನ್ನು ಕೊಂಡುಹೋಗಿತ್ತು. ಯಾರಾದರೂ ಕರೆದರೆ ಕರೆದದ್ದು ತಿಳಿಯುತ್ತಿತ್ತು. ಯಾವ ಕಡೆಯಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಪುತ್ತೂರಿನ ಅಂಗಡಿಯೊಂದರಲ್ಲಿ ಅವಳು ಪುಟ್ಟದೊಂದು ಹೋಮ್ ಥಿಯೇಟರ್ ಆರಿಸಿದಾಗ ಗಂಡ ಅಚ್ಚುತನಿಗೆ ಆಶ್ಚರ್ಯವಾಯಿತು.

“ಒಂದು ಕಿವಿಗೆ ಐದು ಸ್ಪೀಕರ್ ಎಂತಕ್ಕೆ ಮಾರಾಯ್ತಿ?”

“ಶಬ್ದ ಸುತ್ತಲಿಂದ ಬರುದು ಅಂತಾರಲ್ಲ, ಅದು ಎಂತದು ಅಂತ ನನಗೆ ಗೊತ್ತಾಗ್ಬೇಕು,” ಎಂದಳು ದಮಯಂತಿ.

ಮನೆಯಲ್ಲಿ ಮಗಳು ಪ್ರಣೀತಾ ಟಿವಿಯ ಬಳಿ ಮೂರು, ಸೋಫಾದ ಹಿಂದೆ ಎರಡು ಸ್ಪೀಕರ್ ಇಟ್ಟಳು. ಅವುಗಳ ಜೊತೆಗೆ ಬಂದಿದ್ದ, ಗುಡುಗುವ ದೊಡ್ಡ ವೂಫರ್ ಪೆಟ್ಟಿಗೆ ಹೊಲಿಗೆ ಯಂತ್ರದ ಪಕ್ಕಕ್ಕೆ ಹೋಯಿತು. ವಯರುಗಳನ್ನು ಚಾಪೆಯಡಿ ತೂರಿಸಿದ್ದು ದಮಯಂತಿಯೇ. ಸಿನಿಮಾದಲ್ಲಿ ಬಸ್ಸೊಂದು ಹಿಂದಿನಿಂದ ಬಂದು ಮುಂದೆ ಹೋದಾಗ ಅಚ್ಚುತ ತಿರುಗಿಯೇ ನೋಡಿದ. ದಮಯಂತಿಗೆ ಮಾತ್ರ ಆ ಬಸ್ಸು ಎಲ್ಲಿಗೂ ಹೋಗದೆ ಬಲಗಿವಿಯಲ್ಲೇ ನಿಂತಿತ್ತು.

“ಬೇಜಾರಾಯ್ತಾ ಅಮ್ಮ?” ಪ್ರಣೀತಾ ಕೇಳಿದಳು.

“ಇಲ್ಲ. ಒಂದೊಂದೇ ಸ್ಪೀಕರಲ್ಲಿ ಶಬ್ದ ಬರಿಸ್ಲಿಕ್ಕೆ ಉಂಟಾ?”

ರಿಮೋಟಿನಲ್ಲಿ ಅದಕ್ಕೊಂದು ಗುಂಡಿ ಇತ್ತು. ದಮಯಂತಿ ಕಣ್ಣು ಮುಚ್ಚಿ ಕುಳಿತಳು. ‘ಸೊಂಯ್’ ಎಂದು ಶಬ್ದ ಬಂದಾಗ ಟಿವಿಯತ್ತ ಬೆರಳು ತೋರಿಸಿದಳು. ಬಂದದ್ದು ಹಿಂದಿನಿಂದ. ಎರಡನೆಯದೂ ತಪ್ಪಿತು. ಮೂರನೆಯದು ಬಂದಾಗ ಅವಳು ತಲೆಯನ್ನು ಮೆಲ್ಲನೆ ತಿರುಗಿಸುತ್ತ ಹೋದಳು. ಒಂದು ಕಡೆಗೆ ತಿರುಗಿದರೆ ಶಬ್ದ ತೆಳುವಾಯಿತು, ಇನ್ನೊಂದು ಕಡೆಗೆ ದಪ್ಪವಾಯಿತು. ಅತಿ ದಪ್ಪವಾದಲ್ಲಿ ತಲೆ ನಿಲ್ಲಿಸಿ, ಬಲಗಿವಿಯ ನೇರಕ್ಕೆ ಕೈ ಚಾಚಿದಳು. ಅದು ಸೋಫಾದ ಹಿಂದಿನ ಬಲಮೂಲೆ.

“ಸರಿ ಉಂಟು,” ಎಂದಳು ಪ್ರಣೀತಾ, ಮೆಲ್ಲಗೆ.

ದಮಯಂತಿ ಕಣ್ಣು ತೆರೆಯಲಿಲ್ಲ. “ಇನ್ನೊಂದು ಹಾಕು,” ಎಂದಳು.