ಮೊಣಕಾಲ ಮೇಲಿನ ಬಿಸಿಲು

ಯಾರ್ಕ್‌ಶೈರಿನ ಆ ಪುಟ್ಟ ವಿಮಾನ ಕ್ಲಬ್ಬಿನಲ್ಲಿ ಹಾರಿದ್ದಕ್ಕಿಂತ ಚಹಾ ಕುಡಿದದ್ದೇ ಹೆಚ್ಚು. ಹವ್ಯಾಸಕ್ಕೆ ಹಾರುವವರು ಮೋಡದೊಳಗೆ ಹೋಗುವಂತಿಲ್ಲ. ಅಲ್ಲಿಯೋ ಮೋಡವಿಲ್ಲದ ದಿನವೆಂದರೆ ಹಬ್ಬ. ಮೀನು-ಚಿಪ್ಸ್ ಅಂಗಡಿಯ ಮೇವಿಸ್ ಪ್ರಾಕ್ಟರಳಿಗೆ ಐವತ್ತೈದರ ವಯಸ್ಸಿನ ಹೊತ್ತಿಗೆ ಇದು ಸಾಕುಸಾಕಾಯಿತು. ಹೊರಗೆ ಏನೂ ಕಾಣದಿದ್ದರೂ ಮುಂದಿರುವ ಮಾಪಕಗಳನ್ನಷ್ಟೇ ನಂಬಿ ಹಾರುವ ಅರ್ಹತೆ ಗಳಿಸುತ್ತೇನೆಂದು ಒಂದು ದಿನ ಹೇಳಿಯೇಬಿಟ್ಟಳು. ಕ್ಲಬ್ಬಿನ ಗಂಡಸರು ಬಿಸ್ಕತ್ತು ಅದ್ದುವುದನ್ನು ಮರೆತು ನೋಡಿದರು.

ಮೊದಲಿಗೆ ಏಳು ಲಿಖಿತ ಪರೀಕ್ಷೆ. ಅವೆಲ್ಲ ದೊಡ್ಡ ಜೆಟ್ ನಡೆಸುವವರಿಗೆಂದೇ ಬರೆದಂತಿದ್ದವು. ಕ್ಲಬ್ಬಿನ ನಾಲ್ಕು ಸೀಟಿನ ವಿಮಾನ ಹತ್ತು ಸಾವಿರ ಅಡಿಗೇ ಏದುಸಿರು ಬಿಡುತ್ತದೆ. ಮೇವಿಸ್ ಮಾತ್ರ ನಲವತ್ತು ಸಾವಿರ ಅಡಿಯ ಗಾಳಿಯನ್ನು ಬಾಯಿಪಾಠ ಮಾಡಬೇಕಾಯಿತು. ಆಡು ಸಾಕಲು ಆನೆಯ ವೈದ್ಯ ಕಲಿತಂತೆ. ಅಂತೂ ಏಳನ್ನೂ ಗೆದ್ದಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಪಾಸಿಗೆ ಮೂರೇ ವರ್ಷದ ಆಯುಷ್ಯ. ಅಷ್ಟರೊಳಗೆ ಹಾರಾಟದ ಪರೀಕ್ಷೆಯೂ ಆಗದಿದ್ದರೆ ಏಳನ್ನೂ ಮತ್ತೆ ಬರೆಯಬೇಕು. ಬೇಕಾದ ರೇಡಿಯೊ ಇರುವ ವಿಮಾನ ನಲವತ್ತು ಮೈಲಿ ದೂರದ ಊರಲ್ಲಿ. ಚಳಿಗಾಲದ ಮೋಡದಲ್ಲಿ ರೆಕ್ಕೆಗೆ ಹಿಮ ಕಟ್ಟುತ್ತದೆ, ಹೋಗುವಂತಿಲ್ಲ. ಹೀಗೆ ಮೂರು ವರ್ಷಕ್ಕೆ ಹತ್ತಿರ ಬಂದಳು.

ಕಲಿಸುತ್ತಿದ್ದವನು ಡೆಸ್ಮಂಡ್, ಸೇನೆಯಿಂದ ನಿವೃತ್ತನಾದ ಪೈಲಟ್. ಹೊರಗಿನದು ಕಾಣದಂತೆ ಅವಳ ಹಣೆಗೆ ಉದ್ದ ಅಂಚಿನ ಟೊಪ್ಪಿ ಹಾಕಿ ಹಾರಿಸುತ್ತಿದ್ದ. ಟೊಪ್ಪಿಯ ಕೆಳಗೆ ಮೇವಿಸ್ ದಾರ ಹಿಡಿದಷ್ಟು ನೇರ ಹೋಗುತ್ತಿದ್ದಳು. ಇಂಥ ಶಿಷ್ಯೆ ತನಗೆ ಸಿಕ್ಕೇ ಇಲ್ಲವೆಂದು ಡೆಸ್ಮಂಡ್ ಊರೆಲ್ಲ ಸಾರಿದ. ಪರೀಕ್ಷೆಯ ದಿನ ಆಕಾಶ ಬೂದಿ ಬಳಿದಂತಿತ್ತು. ಐದೇ ನಿಮಿಷದಲ್ಲಿ ಶಿಷ್ಯೆ ದಾರಿ ತಪ್ಪಿ ಸಮುದ್ರದ ಕಡೆ ಹೊರಟಿದ್ದಳು. ಫೇಲು. ಎರಡನೇ ಸಲವೂ ಮೋಡ, ಎರಡನೇ ಸಲವೂ ಫೇಲು. ಉಳಿದದ್ದು ಇಪ್ಪತ್ತು ದಿನ.

ಮರುದಿನ ಬಿಸಿಲಿತ್ತು. ಮೇಲೆ ಹೋದರೆ ಮತ್ತೆ ಅದೇ ದಾರ ಹಿಡಿದ ನೇರ. ಡೆಸ್ಮಂಡ್ ಈ ಸಲ ಮಾಪಕ ಬಿಟ್ಟು ಅವಳ ಕಣ್ಣನ್ನೇ ನೋಡುತ್ತ ಕುಳಿತ.

"ಮೇವಿಸ್, ಮೊಣಕಾಲ ಮೇಲೆ ಏನ್ ನೋಡ್ತಿದ್ದೀಯ?"

ಅವಳೂ ಆಗಲೇ ಗಮನಿಸಿದ್ದು. "ಬಿಸಿಲು," ಎಂದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

ವಿಮಾನ ತಿರುಗಿದರೆ ಕಿಟಕಿಯ ಬಿಸಿಲು ತೊಡೆಯ ಮೇಲೆ ಜರುಗುತ್ತದೆ. ಇಷ್ಟು ಕಾಲ ಅವಳು ತನಗೇ ತಿಳಿಯದೆ ಆ ಬಿಸಿಲ ತುಂಡನ್ನು ಹಿಡಿದು ಹಾರಿದ್ದಳು. ಮೋಡದಲ್ಲಿ ಹಾರುವುದನ್ನು ಕಲಿಸಲು ಡೆಸ್ಮಂಡ್ ಪ್ರತಿ ಸಲ ಆರಿಸಿದ್ದು ಒಳ್ಳೆಯ ಬಿಸಿಲಿನ ದಿನವನ್ನೇ. ಇಂಗ್ಲೆಂಡಿನಲ್ಲಿ ಮೋಡದ ಬರ ಕಂಡವರು ಇವರಿಬ್ಬರೇ ಇರಬೇಕು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕು ಮುಗಿದ ಮೇಲೆ ಅವನು, "ಇನ್ಮೇಲೆ ಬಿಸಿಲಿದ್ರೆ ಈ ಕಡೆ ತಲೆ ಹಾಕ್ಬೇಡ. ಮೋಡ ಕವಿದ್ರೆ ಅಂಗಡಿ ಮುಚ್ಚಿ ಓಡಿ ಬಾ," ಎಂದ.

ಅವಳು ಹಾಗೇ ಮಾಡಿದಳು. ಗಿರಾಕಿಗಳು ಗೊಣಗಿದರು. ನಿಜವಾದ ಮೋಡದೊಳಗೆ ಹೋದಾಗಲೇ ಗೊತ್ತಾದದ್ದು, ಸ್ವಂತ ದೇಹ ಎಂಥ ಸುಳ್ಳುಬುರುಕನೆಂದು. ನೇರ ಹೋಗುವಾಗ ವಾಲಿದ್ದೀಯ ಎನ್ನುತ್ತದೆ, ವಾಲಿದಾಗ ನೇರ ಎನ್ನುತ್ತದೆ. ಮೊದಲ ವಾರ ಅವಳಿಗೆ ನಿಜಕ್ಕೂ ಭಯವಾಯಿತು, ಒಮ್ಮೆ ಅತ್ತೂಬಿಟ್ಟಳು. ಆದರೂ ಮರುದಿನ ಮೋಡ ಕಂಡೊಡನೆ ಬಾಣಲೆಯ ಒಲೆ ಆರಿಸಿ ಹೊರಟಳು.

ಗಡುವಿಗೆ ಒಂದು ದಿನವಿರುವಾಗ ಮೂರನೇ ಪರೀಕ್ಷೆ. ಮಳೆ ಹನಿಯುತ್ತಿತ್ತು, ಹಣೆಯ ಮೇಲೆ ಅದೇ ಟೊಪ್ಪಿ. ಪಕ್ಕದಲ್ಲಿ ಮಾತೇ ಆಡದ ತೆಳ್ಳನೆಯ ಪರೀಕ್ಷಕಿ. ಇಳಿಯಲು ದಾರಿ ಹಿಡಿದಾಗ ಮೇವಿಸ್‌ಗೆ ವಿಮಾನ ಎಡಕ್ಕೆ ಮಗುಚುತ್ತಿದೆ ಎಂದು ಮೈಯೆಲ್ಲ ಕೂಗಿ ಹೇಳಿತು. ಮಾಪಕ ಸಮ ಎನ್ನುತ್ತಿತ್ತು. ಬಲಕ್ಕೆ ಎಳೆಯಲು ಕೈ ತುರಿಸಿತು.

"ನಾನ್ ನಂಬಲ್ಲ," ಎಂದಳು, ಗಟ್ಟಿಯಾಗಿಯೇ.

ಪರೀಕ್ಷಕಿ ತಿರುಗಿ ನೋಡಿದಳು. "ಯಾರನ್ನ, ಮಿಸೆಸ್ ಪ್ರಾಕ್ಟರ್?"

"ನನ್ನನ್ನ."

ಕೈ ಅಲುಗಲಿಲ್ಲ. ಒಂದೊಂದೇ ಸಾವಿರ ಅಡಿ ಇಳಿಯಿತು, ಆಮೇಲೆ ನೂರುಗಳು. ಪರೀಕ್ಷಕಿ ಕೈ ಚಾಚಿ ಟೊಪ್ಪಿಯನ್ನು ಮೇಲೆತ್ತಿದಳು. ಮೋಡದ ಅಡಿಯಲ್ಲಿ, ಮೂಗಿನ ನೇರಕ್ಕೆ, ಮಳೆಯಲ್ಲಿ ತೊಯ್ದ ರನ್‌ವೇ ಇತ್ತು.

ನಿಂತ ಮೇಲೆ ಪರೀಕ್ಷಕಿ ಕಾಗದದಲ್ಲಿ ಏನೋ ಗೀಚಿ, "ಪಾಸಾದ್ರಿ," ಎಂದಳು. ಅದುವರೆಗೆ ಕಲ್ಲಿನಂತಿದ್ದ ಮೇವಿಸ್‌ಳ ಕೈಗಳು ಆಗ ಹೇಳಿದ ಮಾತು ಕೇಳದಾದವು. ಎಷ್ಟು ಎಳೆದರೂ ಸೀಟಿನ ಬೆಲ್ಟು ಬಿಚ್ಚಲಾಗದೆ ಅವಳು ಅಳುತ್ತಲೇ ನಕ್ಕಳು. ಕೊನೆಗೆ ಪರೀಕ್ಷಕಿಯೇ ಬಾಗಿ ಬಿಚ್ಚಿಕೊಟ್ಟಳು.