ಫೀಲ್ ಆಗುತ್ತಾ?

ಇಟ್ಟಿಗಿಯಲ್ಲಿ ನಾವು ನಡೆಸಿದ ದಂತ ಶಿಬಿರಕ್ಕೆ ಕುರಿ ಕಾಯುವ ಹಿರಿಯರೊಬ್ಬರು ಬಂದಿದ್ದರು. ಅಲ್ಲಾಡುತ್ತಿದ್ದ ಮುಂದಿನ ಹಲ್ಲನ್ನು ಕೀಳಬೇಕಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ವಸಡು ಒತ್ತಿ ಕೇಳಿದೆ: "ಯಜಮಾನ್ರೇ, ಏನಾದ್ರೂ ಫೀಲ್ ಆಗುತ್ತಾ?"

"ಭಾಳ ಫೀಲ್ ಆಗೈತ್ರಿ."

ಇನ್ನೊಂದು ಇಂಜೆಕ್ಷನ್ ಕೊಟ್ಟು ಮತ್ತೆ ಒತ್ತಿದೆ. "ಈಗ?"

"ಇನ್ನಾ ಜಾಸ್ತಿ ಆತ್ರಿ."

ನನಗೆ ದಿಗಿಲಾಯಿತು. "ಅಷ್ಟು ನೋವಾಗ್ತಿದೆಯಾ?"

"ನೋವೆಲ್ಲೈತ್ರಿ, ತುಟಿ ಐತೋ ಇಲ್ಲೋ ಅನ್ನೂದ ಗೊತ್ತಾಗವಲ್ದು. ಈ ಹಲ್ಲು ಹೋದ್ರ ಸೀಟಿ ಹೆಂಗ ಹೊಡೀಲ್ರಿ? ನನ್ನ ಕುರಿ ಹೊಳ್ಳಿ ಬರೂದು ಸೀಟಿಗೇ."

ಇಂಗ್ಲಿಷಿನಲ್ಲಿ 'ಫೀಲ್' ಎಂಬ ಕ್ರಿಯಾಪದ ಮೊದಲಿಗೆ ಮುಟ್ಟಿ ನೋಡುವುದಕ್ಕೆ ಇದ್ದದ್ದಂತೆ. ಆಮೇಲೆ ಚಳಿ, ಹಸಿವು, ಖುಷಿ ಎಲ್ಲಕ್ಕೂ ಹಬ್ಬಿತು. ನಮ್ಮಲ್ಲಿಗೆ ಬರುವಾಗ ಮಾತ್ರ ಅದನ್ನೆಲ್ಲ ದಾರಿಯಲ್ಲೇ ಬಿಟ್ಟು, ಬೇಜಾರನ್ನಷ್ಟೇ ಹೊತ್ತು ತಂದಿದೆ. ಮದುವೆಯಲ್ಲಿ ಯಾರೂ ಫೀಲ್ ಆಗುವುದಿಲ್ಲ, ಕರೆಯದಿದ್ದರೆ ಆಗುತ್ತಾರೆ.

ಹಲ್ಲು ಕಿತ್ತು ಅವರ ಅಂಗೈಯಲ್ಲಿಟ್ಟೆ. ನನ್ನ ಮುಖ ಸಪ್ಪಗಾದದ್ದು ಕಂಡಿತೇನೋ, ಹತ್ತಿ ಕಚ್ಚಿಕೊಂಡೇ ಅವರು ಸಮಾಧಾನ ಹೇಳಿದರು:

"ಹೋಗ್ಲಿ ಬಿಡ್ರಿ ಡಾಕ್ಟ್ರೇ, ನೀವೇನ್ ಫೀಲ್ ಆಗಬ್ಯಾಡ್ರಿ."