ಎಲ್ಲಿಂದ ಹೊರಟಿದೆ, ಎಲ್ಲಿಗೆ ಸೇರಬೇಕು?

ಸರ್ವರ್‌ಗಳ ಲೋಕದಲ್ಲಿ ಯಂತ್ರದ ಬುದ್ಧಿಯನ್ನು ಹೊಗಳುವವರು ಬಹಳ. ಆ ಬುದ್ಧಿಯನ್ನು ಡಿಸ್ಕಿನವರೆಗೆ ಮುಟ್ಟಿಸುವ ಕೇಬಲ್ಲನ್ನು ಗೌರವಿಸುವವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಮೂವತ್ತನಾಲ್ಕು ವರ್ಷಗಳ ಸೇವೆಯ ಬಳಿಕ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ. ನಮ್ಮೆಲ್ಲರ ಬಾಯಲ್ಲಿ ‘ತಂತಿಯಕ್ಕ’. ನಮಗೆ ತಂತ್ರ ತಿಳಿದಿತ್ತು, ಅವರಿಗೆ ತಂತಿ ತಿಳಿದಿತ್ತು.

ಟೈಪಿಸ್ಟಾಗಿ ಸೇರಿದ ಅವರು ಕೆಟ್ಟ ಯಂತ್ರಗಳನ್ನು ಬಿಚ್ಚಿ ನೋಡುತ್ತಲೇ ಈ ಕೆಲಸ ಕಲಿತವರು. ಮುಖ್ಯಸ್ಥೆಯಾದ ಮೇಲೆ, ಅವರ ಪರೀಕ್ಷೆಯಲ್ಲಿ ಪಾಸಾಗದೆ ಉಗ್ರಾಣದಿಂದ ಒಂದು ಕೇಬಲ್ಲೂ ಹೊರಬೀಳದಂತಾಯಿತು.

“ಎಲ್ಲಿಂದ ಹೊರಟಿದೆ, ಎಲ್ಲಿಗೆ ಸೇರ್ಬೇಕು? ಅದ್ ಹೇಳು ಮರಿ, ಆಮೇಲೆ ಕೇಬಲ್ಲು.”

ಉದ್ದವನ್ನು ಅಂದಾಜಿನಲ್ಲಿ ಹೇಳಿದರೆ ಒಪ್ಪುತ್ತಿರಲಿಲ್ಲ. ಯಂತ್ರದ ಪೆಟ್ಟಿಗೆಯೊಳಗಿನ ಒಂದೊಂದು ತಿರುವಿನಲ್ಲೂ ದಾರ ಹಾಯಿಸಿ, ಆ ದಾರವನ್ನೇ ತಂದು ತೋರಿಸಬೇಕಿತ್ತು.

ನನ್ನ ಸೇವೆಯ ಎರಡನೆಯ ವರ್ಷ, ರೋಗಿಗಳ ಸ್ಕ್ಯಾನ್ ಚಿತ್ರಗಳಿದ್ದ ನಾಲ್ಕು ಡಿಸ್ಕ್‌ಗಳನ್ನು ಹೊಸ ಸರ್ವರಿಗೆ ಸಾಗಿಸುವ ಹೊಣೆ ನನಗೆ ಬಂತು. ಡಿಸ್ಕ್‌ಗಳು ಕೂರುವ ಬ್ಯಾಕ್‌ಪ್ಲೇನಿನಲ್ಲಿ ಅಗಲವಾದ ಒಂದೇ ಕಿಂಡಿ. ಮದರ್‌ಬೋರ್ಡಿನಲ್ಲಿ ನಾಲ್ಕು ಸಣ್ಣ ಕಿಂಡಿಗಳು. ಪರೀಕ್ಷೆ ತಪ್ಪಿಸಿಕೊಳ್ಳಲು ಉಗ್ರಾಣಕ್ಕೆ ಫೋನು ಮಾಡಿ, ಅಕ್ಕನ ದನಿಯಲ್ಲೇ ರಾಗ ಎಳೆದೆ: “ಒಂದ್ ತಲೆ, ನಾಲ್ಕ್ ಬಾಲದ್ದು ಒಂದ್ ಕೊಟ್ ಕಳ್ಸಪ್ಪಾ...”

ಕೇಬಲ್ ಬಂತು, ಬಿಗಿಯಾಗಿ ಕೂತಿತು. ಪರದೆಯ ಮೇಲೆ ಡಿಸ್ಕ್ ಮಾತ್ರ ಒಂದೂ ಕಾಣಿಸಲಿಲ್ಲ. ಮೂರು ಗಂಟೆಗೆ ಶಸ್ತ್ರಚಿಕಿತ್ಸೆ. ರೋಗಿಯ ಹಳೆಯ ಚಿತ್ರ ಆ ಡಿಸ್ಕ್‌ಗಳಲ್ಲೇ. “ಚಿತ್ರ ನೋಡ್ದೆ ನಾನು ಕೈ ಹಾಕಲ್ಲ,” ಎಂದು ಡಾಕ್ಟರು ಬಾಗಿಲಲ್ಲೇ ನಿಂತರು. ಡಿಸ್ಕ್‌ಗಳೇ ಹೋದವೆಂದು ನಾನು ಓಡಿ ಅಕ್ಕನನ್ನು ಕರೆತಂದೆ.

ಅಕ್ಕ ಬಗ್ಗಿ, ಕೇಬಲ್ಲಿನ ಮೇಲಿನ ಸಣ್ಣ ಅಂಕಿಗಳನ್ನು ಓದಿದರು. “ಡಿಸ್ಕ್ ಚೆನ್ನಾಗಿವೆ. ಇದು ಕಾರ್ಡಿನ ಕೇಬಲ್ಲು. ನಮಗ್ ಬೇಕಾದ್ದು ಇದರ ಅವಳಿ.” ನೋಡಲು ಒಂದೇ ಆದ ಆ ಎರಡರಲ್ಲಿ ಒಂದರ ತಲೆ ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್ ಕಾರ್ಡಿಗೆ ಸೇರತಕ್ಕದ್ದು, ಇನ್ನೊಂದರದು ಬ್ಯಾಕ್‌ಪ್ಲೇನಿಗೆ, ಅದಲುಬದಲಾದರೂ ಕೂರುತ್ತವೆ, ಆದರೆ ತುಟಿ ಬಿಚ್ಚುವುದಿಲ್ಲ.

ಅವಳಿಯನ್ನು ಹಿಡಿದು ಓಡಿಬಂದ ಉಗ್ರಾಣದವರು ಗೊಣಗಿದರು: “ಮೊದಲ್ನೇ ಕೇಬಲ್ಲನ್ನ ನೀವೇ ಫೋನ್ ಮಾಡಿ ತರಿಸ್ಕೊಂಡ್ರಲ್ಲಕ್ಕ!”

ಅಕ್ಕ ನನ್ನತ್ತ ಒಮ್ಮೆ ನೋಡಿದರು. “ಹೂಂ, ನಾನೇ ಇರ್ಬೇಕು. ವಯಸ್ಸಾಯ್ತಲ್ಲಪ್ಪ.”

ಎರಡೂ ಮುಕ್ಕಾಲಿಗೆ ನಾಲ್ಕು ಹಸಿರು ದೀಪ ಹೊತ್ತಿದವು. ಡಾಕ್ಟರು ಚಿತ್ರ ನೋಡಿ ನಡೆದರು. ಮರುದಿನ ಅಕ್ಕ ನನ್ನ ಮೇಜಿನ ಮೇಲೆ ಒಂದು ದಾರದುಂಡೆ ಇಟ್ಟು, “ನನ್ ದನಿ ಚೆನ್ನಾಗ್ ತೆಗೀತೀಯ. ಪ್ರಶ್ನೆನೂ ಸೇರಿಸ್ಕೋ. ಅದಿಲ್ದಿದ್ರೆ ಅದು ನನ್ ದನಿನೇ ಅಲ್ಲ,” ಎಂದರು.

ಅಂದಿನ ವರದಿಯಲ್ಲಿ ತಪ್ಪು ಕೇಬಲ್ ತರಿಸಿದವರೆಂದು ಇಂದಿಗೂ ಅವರ ಹೆಸರೇ ಇದೆ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅದೊಂದೇ ಕಪ್ಪುಚುಕ್ಕೆ. ಅದು ನನ್ನದು, ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನ ಸಂಪುಟದ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಅಕ್ಕನ ಆಯುಸ್ಸು ಅವರ ದಾರದುಂಡೆಗಿಂತ ಉದ್ದವಾಗಿರಲಿ, ಬಿಚ್ಚಿ ನೋಡಲು ಅವರ ಕೈಗೆ ಯಂತ್ರಗಳು ಸಿಗುತ್ತಲೇ ಇರಲಿ. ಉಗ್ರಾಣದ ಫೋನಿನಲ್ಲಿ ಅವರ ದನಿ ನಿಲ್ಲುವುದಿಲ್ಲ. ಈಗ ನನ್ನ ಬಾಯಿಂದ ಅದು ಪ್ರಶ್ನೆಯ ಸಮೇತ ಬರುತ್ತದೆ.